ಹಳೆಯ ಪಿಎಸ್‌ಪಿಯಲ್ಲಿ ಕನ್ನಡದ ವರ್ಣಮಾಲೆ

ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಏಳೆಂಟು ವರ್ಷ ಬಿದ್ದಿದ್ದ ನನ್ನ ಪಿಎಸ್‌ಪಿ-3000 ಎಂಬ, ಸೋನಿಯ ಕೈಯಲ್ಲಿ ಹಿಡಿದು ಆಡುವ ಆಟದ ಯಂತ್ರವನ್ನು ಕಳೆದ ವರ್ಷ ಕೆಳಗಿಳಿಸಿದಾಗ, ಅದರ ಬೆನ್ನಿನ ಬ್ಯಾಟರಿ ಮುಚ್ಚಳ ಒಂದು ಮೂಲೆಯಲ್ಲಿ ಎದ್ದು ನಿಂತಿತ್ತು. ಒಳಗಿನ ಬ್ಯಾಟರಿ ಊದಿಕೊಂಡಿತ್ತು. ತಂಗಿಯ ಮಗಳಿಗೆ ಅಕ್ಷರ ಕಲಿಸುವ ಚಿಕ್ಕದೊಂದು ಪ್ರೋಗ್ರಾಮನ್ನು ಬರೆದು ಇದೇ ಯಂತ್ರದಲ್ಲಿ ಓಡಿಸಬೇಕೆಂಬ ಆಸೆ ನನಗಿತ್ತು. ಅದಕ್ಕೆ ಮೊದಲು ಯಂತ್ರವನ್ನು ಸರಿಪಡಿಸಿ, ಹೋಮ್‌ಬ್ರೂ, ಅಂದರೆ ಹವ್ಯಾಸಿಗಳು ತಾವೇ ಬರೆದ ಪ್ರೋಗ್ರಾಮುಗಳನ್ನು ಅದು ಒಪ್ಪಿಕೊಳ್ಳುವಂತೆ ಮಾಡಬೇಕಾಗಿತ್ತು.

ಊದಿದ ಬ್ಯಾಟರಿಯನ್ನು ಒತ್ತದೆ, ಚುಚ್ಚದೆ ಹೊರತೆಗೆದು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿದೆ. ಅಡಾಪ್ಟರ್ ಚುಚ್ಚಿದರೆ ಪಿಎಸ್‌ಪಿ ಬ್ಯಾಟರಿ ಇಲ್ಲದೆಯೂ ನಡೆಯುತ್ತದೆ. ಆದರೆ ಯಂತ್ರವನ್ನು ನಡೆಸುವ ಒಳಗಿನ ತಂತ್ರಾಂಶವಾದ ಫರ್ಮ್‌ವೇರನ್ನು ಕೊನೆಯ ಅಧಿಕೃತ ಆವೃತ್ತಿಯಾದ 6.61ಕ್ಕೆ ಏರಿಸಲು ಹೊರಟಾಗ, ಚಾರ್ಜ್ ಇರುವ ಬ್ಯಾಟರಿ ಇಲ್ಲದೆ ಅಪ್‌ಡೇಟ್ ಆರಂಭವಾಗುವುದೇ ಇಲ್ಲವೆಂದು ತಿಳಿಯಿತು. ನಡುವೆ ಕರೆಂಟು ಹೋದರೆ ಯಂತ್ರ ಕೆಡಬಾರದೆಂದು ಇಟ್ಟಿರುವ ಈ ಕಟ್ಟುಪಾಡು ಸರಿಯಾದದ್ದೇ. 1200 ಎಂಎಎಚ್‌ನ ಹೊಸ ಬ್ಯಾಟರಿ ತರಿಸಿ, ಪೂರ್ತಿ ಚಾರ್ಜ್ ಮಾಡಿದ ಮೇಲೆಯೇ ಕೆಲಸ ಮುಂದುವರಿಯಿತು.

ಎರಡನೆಯ ತೊಡಕು ಕಾರ್ಡಿನದು. ಸೋನಿಯ ಮೆಮೊರಿ ಸ್ಟಿಕ್ ಪ್ರೊ ಡ್ಯುಯೊ ಈಗ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಅದರ ಬದಲು ಮೈಕ್ರೊ ಎಸ್‌ಡಿ ಕಾರ್ಡನ್ನು ಹಿಡಿಸಿಕೊಳ್ಳುವ ಅಡಾಪ್ಟರ್ ಬಳಸಬಹುದು. ನಾನು ಆನ್‌ಲೈನಿನಲ್ಲಿ ಕೊಂಡ 64 ಜಿಬಿ ಕಾರ್ಡು ಮೊದಲ ದಿನ ಚೆನ್ನಾಗಿಯೇ ಇತ್ತು, ಮೂರನೆಯ ದಿನ ಫೈಲುಗಳು ಒಂದೊಂದಾಗಿ ಕೆಡತೊಡಗಿದವು. ಅನುಮಾನ ಬಂದು ಕಂಪ್ಯೂಟರಿನಲ್ಲಿ ಕಾರ್ಡನ್ನು ತುದಿಯವರೆಗೆ ತುಂಬಿಸಿ ಮತ್ತೆ ಓದಿಸಿ ನೋಡಿದೆ. ಅದರ ನಿಜವಾದ ಜಾಗ 8 ಜಿಬಿಯನ್ನೂ ಮುಟ್ಟುತ್ತಿರಲಿಲ್ಲ. ಬೇರೆ ಕಾರ್ಡು ತಂದು, ಅದೇ ಪರೀಕ್ಷೆ ಮಾಡಿದ ನಂತರವೇ ಬಳಕೆಗೆ ತೆಗೆದುಕೊಂಡೆ. ಎರಡು ಕಾರ್ಡು ಹಿಡಿಯುವ ಅಡಾಪ್ಟರುಗಳೂ ಸಿಗುತ್ತವೆ, ಆದರೆ ಅವು ಎರಡನ್ನೂ ಬೆರೆಸಿ ಒಂದೇ ಕಾರ್ಡಿನಂತೆ ನಡೆಸುವುದರಿಂದ ಒಂದು ಕೆಟ್ಟರೆ ಎರಡರಲ್ಲಿದ್ದದ್ದೂ ಹೋಗುತ್ತದೆ. ಒಂಟಿ ಕಾರ್ಡಿನ ಅಡಾಪ್ಟರೇ ಸಾಕೆಂಬುದು ನನ್ನ ಅಭಿಪ್ರಾಯ. ಹೊಸ 64 ಜಿಬಿ ಕಾರ್ಡುಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಪದ್ಧತಿಯಲ್ಲಿ ಬರುತ್ತವೆ, ಪಿಎಸ್‌ಪಿ ಅದನ್ನು ಓದಲಾರದು. ಹಾಗಾಗಿ ಪಿಎಸ್‌ಪಿಯ ಸೆಟ್ಟಿಂಗ್ಸ್‌ನಿಂದಲೇ ಫಾರ್ಮ್ಯಾಟ್ ಮಾಡಿಕೊಳ್ಳುವುದು ಕ್ಷೇಮ.

ಹೋಮ್‌ಬ್ರೂಗೆ ಅವಕಾಶ ಕೊಡುವ ಕಸ್ಟಮ್ ಫರ್ಮ್‌ವೇರಾಗಿ ನಾನು ಆರಿಸಿಕೊಂಡದ್ದು ಆರ್ಕ್-4. ಅದರ ಒಂದು ಫೋಲ್ಡರನ್ನು ಸೇವ್‌ಡೇಟಾದೊಳಗೂ ಲೋಡರನ್ನು ಗೇಮ್ ಫೋಲ್ಡರಿನೊಳಗೂ ಇಟ್ಟು, ಮೆನುವಿನಿಂದ ಲೋಡರನ್ನು ಆಟದಂತೆ ತೆರೆದರೆ ಮುಗಿಯಿತು. ಹೀಗೆ ಮಾಡಿದಾಗ ಅದು ಮೆಮೊರಿಯಲ್ಲಷ್ಟೇ ನೆಲೆಸುತ್ತದೆ, ಯಂತ್ರದೊಳಗೆ ಫರ್ಮ್‌ವೇರನ್ನು ಶಾಶ್ವತವಾಗಿ ಇಟ್ಟಿರುವ ಫ್ಲ್ಯಾಶನ್ನು ಮುಟ್ಟುವುದಿಲ್ಲ. ಪೂರ್ತಿ ಆಫ್ ಮಾಡಿದರೆ ಲೋಡರನ್ನು ಮತ್ತೊಮ್ಮೆ ತೆರೆಯಬೇಕು, ಸ್ಲೀಪ್‌ನಲ್ಲಿಟ್ಟರೆ ಬೇಕಿಲ್ಲ. ಶಾಶ್ವತವಾಗಿ ಅಳವಡಿಸುವ ಮಾರ್ಗಗಳೂ ಇವೆ. ಆದರೆ ಪಿಎಸ್‌ಪಿ-1000ರಲ್ಲಿ ಕೆಟ್ಟ ಯಂತ್ರವನ್ನು ಎಬ್ಬಿಸುತ್ತಿದ್ದ ಪಂಡೋರಾ ಬ್ಯಾಟರಿಯ ಉಪಾಯ 3000ದಲ್ಲಿ ನಡೆಯುವುದಿಲ್ಲವಾದ್ದರಿಂದ, ದಿನಕ್ಕೊಂದು ಬಾರಿ ಗುಂಡಿ ಒತ್ತುವ ಶ್ರಮವನ್ನೇ ನಾನು ಒಪ್ಪಿಕೊಂಡೆ.

ಇನ್ನು ವೇಗದ ಮಾತು. ಪಿಎಸ್‌ಪಿಯ ಪ್ರೊಸೆಸರ್ 333 ಮೆಗಾಹರ್ಟ್ಸ್‌ಗೆ ಸಮರ್ಥವಾಗಿಯೇ ತಯಾರಾದದ್ದು. ಬ್ಯಾಟರಿ ಉಳಿಸಲೆಂದು ಆಟಗಳನ್ನು ಮೊದಲು 222ಕ್ಕೆ ಸೀಮಿತಗೊಳಿಸಿ, 2007ರಲ್ಲಿ ಬಂದ 3.50 ಆವೃತ್ತಿಯಲ್ಲಿ ಆ ಮಿತಿಯನ್ನು ತೆಗೆದರು. ಆದುದರಿಂದ ಆರ್ಕ್‌ನ ಪಟ್ಟಿಯಲ್ಲಿ ಓವರ್‌ಕ್ಲಾಕ್ (ಮಿತಿ ಮೀರಿದ ವೇಗದಲ್ಲಿ ಓಡಿಸುವುದು) ಎಂದು ಬರೆದಿದ್ದರೂ, ನಾವು ಮಾಡುವುದು ಯಂತ್ರಕ್ಕೆ ಮೊದಲಿನಿಂದಲೂ ಇದ್ದ ಶಕ್ತಿಯನ್ನು ಬಳಸಿಕೊಳ್ಳುವುದಷ್ಟೇ. ಆಟಗಳಲ್ಲಿ ನನಗೆ ಇದಕ್ಕಿಂತ ಹೆಚ್ಚು ಉಪಯೋಗವಾದದ್ದು, ನನ್ನಲ್ಲಿದ್ದ ಯುಎಂಡಿ ಡಿಸ್ಕುಗಳನ್ನು ಕಾರ್ಡಿಗೆ ನಕಲು ಮಾಡಿಕೊಂಡದ್ದು. ಡಿಸ್ಕು ತಿರುಗುವ ಗರಗರ ಸದ್ದು ನಿಂತಿತು, ಕಾಯುವ ಹೊತ್ತು ಇಳಿಯಿತು, ಮೋಟಾರಿಗೆ ಹೋಗುತ್ತಿದ್ದ ವಿದ್ಯುತ್ತೂ ಉಳಿಯಿತು.

ನಿಜವಾದ ಪಾಠ ಸಿಕ್ಕಿದ್ದು ನನ್ನದೇ ಪ್ರೋಗ್ರಾಮಿನಲ್ಲಿ. ಲಿನಕ್ಸ್ ಕಂಪ್ಯೂಟರಿನಲ್ಲಿ ಪಿಎಸ್‌ಪಿಯ ಮುಕ್ತ ಟೂಲ್‌ಚೈನ್ (ಪ್ರೋಗ್ರಾಮು ತಯಾರಿಸುವ ಸಲಕರಣೆಗಳು) ಹಾಕಿಕೊಂಡು ಸಿ ಭಾಷೆಯಲ್ಲಿ ಬರೆಯತೊಡಗಿದೆ. ಮೊದಲ ದಿನ 'ಸ್ತ್ರೀ' ಎಂದು ಬರೆಸಿದರೆ ಪರದೆಯ ಮೇಲೆ ಸ, ತ, ರ ಮೂರೂ ಒಂದರ ಪಕ್ಕ ಒಂದು ಸಾಲಾಗಿ ನಿಂತು, ನಡುನಡುವೆ ಹಲಂತದ ಗುರುತು ಮೂಡಿ, ಕೊನೆಯಲ್ಲಿ ದೀರ್ಘದ ಗುರುತು ಒಂಟಿಯಾಗಿ ತೂಗಾಡುತ್ತಿತ್ತು. ನಾನು ಬಳಸಿದ ಫಾಂಟ್ ಲೈಬ್ರರಿಗೆ ಸಂಕೇತಗಳನ್ನು ಒಂದೊಂದಾಗಿ ಬಿಡಿಸುವುದು ಗೊತ್ತಿತ್ತೇ ಹೊರತು ಒತ್ತಕ್ಷರವನ್ನು ಕೆಳಗಿಳಿಸಿ ಜೋಡಿಸುವುದು ಗೊತ್ತಿರಲಿಲ್ಲ. ಆದ್ದರಿಂದ ಜೋಡಿಸುವ ಕೆಲಸವನ್ನು ಕಂಪ್ಯೂಟರಿನಲ್ಲೇ ಮುಗಿಸಿ, ಒಂದೊಂದು ಅಕ್ಷರವನ್ನೂ ಚಿತ್ರವಾಗಿ ಉಳಿಸಿ ಕಾರ್ಡಿಗೆ ಹಾಕಿದೆ.

ಅಕ್ಷರಗಳು ಈಗ ಸರಿಯಾಗಿ ಮೂಡಿದವು, ಆದರೆ ಗುಂಡಿ ಒತ್ತಿದಾಗಲೆಲ್ಲ ಪರದೆ ಒಂದು ಕ್ಷಣ ತಡವರಿಸುತ್ತಿತ್ತು. ಪ್ರೊಸೆಸರನ್ನು 333ಕ್ಕೆ ಏರಿಸಿದೆ. ತಡವರಿಕೆ ಸ್ವಲ್ಪ ತಗ್ಗಿತೇ ವಿನಾ ಹೋಗಲಿಲ್ಲ. ಎರಡು ಸಂಜೆ ಹುಡುಕಿದ ಮೇಲೆ ಕಾರಣ ತಿಳಿಯಿತು: ಪ್ರತಿ ಬಾರಿಯೂ ಕಾರ್ಡಿನಿಂದ ಪಿಎನ್‌ಜಿ ಚಿತ್ರವನ್ನು ಓದಿ ಬಿಡಿಸುತ್ತಿದ್ದೆ. ಆಗ 49 ಅಕ್ಷರಗಳನ್ನೂ ತಲಾ 64 ಪಿಕ್ಸೆಲಿನ ಚೌಕದಲ್ಲಿ ಕೂರಿಸಿ, 512 ಗುಣಿಸು 512 ಅಳತೆಯ ಒಂದೇ ಹಾಳೆ ಮಾಡಿದೆ. ಪಿಎಸ್‌ಪಿಯ ಗ್ರಾಫಿಕ್ಸ್ ಚಿಪ್ಪು ಒಪ್ಪುವ ಅತಿ ದೊಡ್ಡ ಚಿತ್ರದ ಹಾಳೆ (ಟೆಕ್ಸ್ಚರ್) ಅದೇ. 32 ಬಿಟ್ ಬಣ್ಣದಲ್ಲಿ ಆ ಹಾಳೆ 1 ಎಂಬಿ ಆಗುತ್ತಿತ್ತು. ಅಕ್ಷರಕ್ಕೆ 16 ಛಾಯೆಗಳು ಧಾರಾಳವಾದ್ದರಿಂದ 4 ಬಿಟ್‌ಗೆ ಇಳಿಸಿದಾಗ 128 ಕೆಬಿಗೆ ಬಂತು. ಅದರ ಮೇಲೆ, ಚಿಪ್ಪಿನ ಕ್ಯಾಶಿಗೆ (ಅದರ ಪುಟ್ಟ ವೇಗದ ಮೆಮೊರಿಗೆ) ಹೊಂದುವಂತೆ ಚಿತ್ರದ ಬೈಟುಗಳನ್ನು 16 ಬೈಟು ಅಗಲ, 8 ಸಾಲು ಎತ್ತರದ ತುಂಡುಗಳಾಗಿ ಮರುಜೋಡಿಸಿ, ಆರಂಭದಲ್ಲಿ ಒಮ್ಮೆ ಮಾತ್ರ ಮೆಮೊರಿಗೆ ತಂದುಕೊಂಡೆ. ಈಗ ಸೆಕೆಂಡಿಗೆ 60 ಚೌಕಟ್ಟು ತಪ್ಪದೆ ಬರುತ್ತಿದೆ, ಅದೂ 222 ಮೆಗಾಹರ್ಟ್ಸ್‌ನಲ್ಲಿ.

ಧ್ವನಿಗೆ ಅಮ್ಮನನ್ನು ಕೂರಿಸಿಕೊಂಡು ಅ ಆ ಇ ಈ ಹೇಳಿಸಿದೆ. ಪಿಎಸ್‌ಪಿಯ ಧ್ವನಿ 44.1 ಕಿಲೊಹರ್ಟ್ಸ್‌ನಲ್ಲಿ ಹೊರಡುವುದರಿಂದ ಅದೇ ದರದಲ್ಲಿ ಮುದ್ರಿಸಿದೆ. 'ಳ'ಕಾರ ಸ್ಪಷ್ಟವಾಗಿ ಬರಲಿಲ್ಲವೆಂದು ಅಮ್ಮ ತಾನೇ ಮೂರು ಸಲ ಮತ್ತೆ ಹೇಳಿದಳು. ಮಗು ಮೊದಲ ಬಾರಿ ಗುಂಡಿ ಒತ್ತಿ, "ಮಾವ, ಇದರೊಳಗೆ ಅಜ್ಜಿ ಇದಾಳೆ!" ಎಂದು ಕೂಗಿದಳು.

ಈಗ ಕಾಗುಣಿತದ ಕೆಲಸ ನಡೆದಿದೆ. 34 ವ್ಯಂಜನಗಳಿಗೆ ತಲಾ 15 ರೂಪವೆಂದರೆ 510 ಚೌಕಗಳು, ಎಂಟು ಹಾಳೆಗಳಲ್ಲಿ ಹಿಡಿಸುತ್ತವೆ. ಒಟ್ಟು 1 ಎಂಬಿ ಆಗುತ್ತದೆ, 64 ಎಂಬಿ ಮೆಮೊರಿಯ ಯಂತ್ರಕ್ಕೆ ಅದು ಹೊರೆಯಲ್ಲ. 'ಣೌ', 'ಝೋ' ಮುಂತಾದ ಅಗಲವಾದ ಅಕ್ಷರಗಳು ಮಾತ್ರ 64 ಪಿಕ್ಸೆಲಿನಿಂದ ಹೊರಚಾಚುತ್ತಿವೆ. ಅವುಗಳಿಗೆ ಎರಡೆರಡು ಚೌಕ ಕೊಡಬೇಕೋ, ಎಲ್ಲ ಅಕ್ಷರಗಳ ಗಾತ್ರವನ್ನೂ ತುಸು ತಗ್ಗಿಸಬೇಕೋ ಎಂದು ಎರಡನ್ನೂ ಮಾಡಿ ನೋಡುತ್ತಿದ್ದೇನೆ.