ಅಮ್ಮನ ಕೀಮೋ ವಾರ: ವಾಂತಿಗೆ ಮುಂಚೆಯೇ ಮಾತ್ರೆ

ಮೊದಲ ಕೀಮೋ ಆದ ಮರುದಿನ ಅಮ್ಮ ಆರಾಮಾಗಿದ್ದಳು. ಸುಮ್ಮನೆ ಯಾಕೆ ಅಂತ ವಾಂತಿ ಮಾತ್ರೆ ಬಿಡಿಸಿದೆ. ಆ ದಡ್ಡತನ ನೀವು ಮಾಡಬೇಡಿ. ಸಿಸ್‌ಪ್ಲಾಟಿನ್‌ ಅನ್ನುವ ಕೀಮೋ ಔಷಧಿ ಕೊಟ್ಟರೆ ವಾಕರಿಕೆ ಎರಡನೇ, ಮೂರನೇ ದಿನಕ್ಕೆ ಮತ್ತೆ ಜೋರಾಗುತ್ತದೆ. ಶುರುವಾದ ಮೇಲೆ ನುಂಗಿಸಿದ ಮಾತ್ರೆಯೂ ಹೊರಗೇ ಬರುತ್ತದೆ. ಡೆಕ್ಸಾಮೆಥಾಸೋನ್, ಓಲಾಂಜಪೀನ್, ವಾಂತಿ ತಡೆಯಲು ಏನೇ ಬರೆದುಕೊಟ್ಟಿರಲಿ, ಹೇಳಿದಷ್ಟು ದಿನ ಕೊಡಿ. ಓಲಾಂಜಪೀನ್ ಮಾನಸಿಕ ಕಾಯಿಲೆಗೂ ಕೊಡುವ ಮಾತ್ರೆ. ಮೆಡಿಕಲ್ ಶಾಪಿನವರು ಹುಬ್ಬೇರಿಸಿದರೆ ಗಾಬರಿಯಾಗಬೇಡಿ. ನಿದ್ದೆ ಮಾತ್ರ ಚೆನ್ನಾಗಿ ಬರುತ್ತದೆ. ಒಂಡಾನ್‌ಸೆಟ್ರಾನ್‌ ಅನ್ನುವ ವಾಂತಿ ಮಾತ್ರೆಯಿಂದ ಮಲಬದ್ಧತೆ ಆಗಬಹುದು, ನಾಚಿಕೊಳ್ಳದೆ ಡಾಕ್ಟರಿಗೆ ಹೇಳಿ.

ಇಂಗಿನ ಒಗ್ಗರಣೆ ಅಂದರೆ ಅಮ್ಮನಿಗೆ ಪ್ರಾಣ. ಆ ವಾರ ಅದರ ವಾಸನೆಗೇ ಬಚ್ಚಲಿಗೆ ಓಡುತ್ತಿದ್ದಳು. ಆರಿದ ಊಟಕ್ಕೆ ವಾಸನೆ ಕಡಿಮೆ. ಆಗಷ್ಟೇ ಮಾಡಿ ಆರಿಸಿದ ಗಂಜಿ, ಒಂದು ಇಡ್ಲಿ, ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಉಂಡ ತಕ್ಷಣ ಮಲಗಿಸಬೇಡಿ.

ಇನ್ನೊಂದು: ಕೀಮೋ ದಿನ ಅವರಿಗಿಷ್ಟದ ತಿಂಡಿ ಮಾಡಲೇಬೇಡಿ. ವಾಂತಿಯ ನೆನಪು ಅದಕ್ಕೇ ಅಂಟಿಕೊಳ್ಳುತ್ತದೆ. ಅಮ್ಮ ಇವತ್ತಿಗೂ ಚಿತ್ರಾನ್ನ ಮುಟ್ಟಲ್ಲ.

ಕುಡಿದ ನೀರೂ ನಿಲ್ಲುತ್ತಿಲ್ಲ, ಮೂತ್ರ ಕಡಿಮೆಯಾಗಿದೆ, ಅಥವಾ ಜ್ವರ ಬಂದಿದೆ ಅಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಫೋನ್ ಮಾಡಿ.