ಎರಡು ಸಣ್ಣ ವಿಮಾನ ನಿಲ್ದಾಣಗಳ ನಡುವಿನ ದೂರ, ಹಾರಾಟದ ಸಮಯ: ನೀವೇ ಲೆಕ್ಕ ಹಾಕಿ

ಶಿವಮೊಗ್ಗದಿಂದ ಕಲಬುರಗಿಗೆ ವಿಮಾನದಲ್ಲಿ ಎಷ್ಟು ಹೊತ್ತು ಎಂದು ಅಂತರ್ಜಾಲದಲ್ಲಿ ಹುಡುಕಿ, ಅರ್ಧ ಗಂಟೆ ಎಂಬ ಉತ್ತರ ನಂಬಿ ದಿನದ ಕೆಲಸ ಹೊಂದಿಸಿಕೊಳ್ಳುವವರಿದ್ದಾರೆ. ಎಲ್ಲ ವಿಮಾನವೂ ಗಂಟೆಗೆ 800 ಕಿ.ಮೀ. ಹಾರುತ್ತದೆ ಎಂದುಕೊಂಡು ಭಾಗಿಸಿದರೆ ಬರುವ ಉತ್ತರ ಅದು. ಅಂಥ ತಾಣಗಳನ್ನು ನಂಬಬೇಡಿ.

ಹಂತ 1: ನಕ್ಷೆಯಲ್ಲಿ ಊರನ್ನಲ್ಲ, ರನ್‌ವೇಯನ್ನೇ ಒತ್ತಿ ಹಿಡಿದು ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ಶಿವಮೊಗ್ಗದ ನಿಲ್ದಾಣ ಇರುವುದು ಸೋಗಾನೆಯಲ್ಲಿ.

ಹಂತ 2: ಸಿಕ್ಕ ಅಂಕಿ ಡಿಗ್ರಿ, ನಿಮಿಷದಲ್ಲಿದ್ದರೆ ದಶಮಾಂಶಕ್ಕೆ ಬದಲಿಸಿ. ಹೆಚ್ಚಿನವರು ಎಡವುವುದು ಇಲ್ಲೇ. ಸೋಗಾನೆಯ ಅಕ್ಷಾಂಶ 13 ಡಿಗ್ರಿ 51 ನಿಮಿಷ. ಇದನ್ನು 13.51 ಎಂದು ಬರೆದರೆ ರನ್‌ವೇ ಸುಮಾರು 38 ಕಿ.ಮೀ. ದಕ್ಷಿಣಕ್ಕೆ, ಭದ್ರಾ ಅಭಯಾರಣ್ಯದ ಕಡೆಗೆ ಹೋಗಿಬಿಡುತ್ತದೆ! ಡಿಗ್ರಿಗೆ 60 ನಿಮಿಷ. ಹಾಗಾಗಿ 51ನ್ನು 60ರಿಂದ ಭಾಗಿಸಿ, 13.85 ಎಂದು ಬರೆಯಿರಿ. ಹೀಗೆಯೇ ಸೋಗಾನೆಯ ರೇಖಾಂಶ 75.61, ಕಲಬುರಗಿ ನಿಲ್ದಾಣದ ಅಕ್ಷಾಂಶ 17.31, ರೇಖಾಂಶ 76.96.

ಅಕ್ಷಾಂಶದ ವ್ಯತ್ಯಾಸ 3.46. ಒಂದು ಡಿಗ್ರಿ ಅಕ್ಷಾಂಶ ಅಂದರೆ ಸುಮಾರು 111 ಕಿ.ಮೀ., ಹಾಗಾಗಿ ಅದನ್ನು 111ರಿಂದ ಗುಣಿಸಿದರೆ 384 ಕಿ.ಮೀ. ರೇಖಾಂಶದ ವ್ಯತ್ಯಾಸ 1.35ನ್ನು ಮಾತ್ರ ನೇರವಾಗಿ ಗುಣಿಸಬೇಡಿ. ಧ್ರುವದತ್ತ ಹೋದಷ್ಟೂ ರೇಖಾಂಶಗಳು ಒತ್ತೊತ್ತಾಗುತ್ತವೆ. ಎರಡೂ ಊರಿನ ಸರಾಸರಿ ಅಕ್ಷಾಂಶ 15.58ರ ಕೊಸೈನ್, ಅಂದರೆ 0.963ರಿಂದಲೂ ಗುಣಿಸಿ: 144 ಕಿ.ಮೀ. ಹೆಚ್ಚಿನ ಫೋನ್‌ಗಳನ್ನು ಅಡ್ಡ ಹಿಡಿದರೆ ಕ್ಯಾಲ್ಕುಲೇಟರ್‌ನಲ್ಲಿ ಕೊಸೈನ್ (cos) ಗುಂಡಿ ಕಾಣುತ್ತದೆ. ಅದು ರೇಡಿಯನ್‌ನಲ್ಲಿದ್ದರೆ ಲೆಕ್ಕವೆಲ್ಲ ಕೆಡುತ್ತದೆ, ಡಿಗ್ರಿಗೆ ಬದಲಿಸಿಕೊಳ್ಳಿ. ಈ ದಾರಿ ಬಹುತೇಕ ಉತ್ತರಕ್ಕೇ ಇರುವುದರಿಂದ ಕೊಸೈನ್ ಬಿಟ್ಟರೂ ತಪ್ಪುವುದು ಎರಡು ಕಿ.ಮೀ. ಅಷ್ಟೇ. ಲೇಹ್‌ನ ಅಕ್ಷಾಂಶದಲ್ಲಿ ಪೂರ್ವ–ಪಶ್ಚಿಮ ದೂರ ಅಳೆಯುವಾಗ ಬಿಟ್ಟರೆ ಉತ್ತರ ಐದನೇ ಒಂದು ಭಾಗದಷ್ಟು ಉಬ್ಬುತ್ತದೆ.

ಹಂತ 3: 384, 144 ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆಯಿರಿ. 410 ಕಿ.ಮೀ. ಪೈಲಟ್‌ಗಳ ನಾಟಿಕಲ್ ಮೈಲಿ ಬೇಕಿದ್ದರೆ 1.852ರಿಂದ ಭಾಗಿಸಿ.

ಹಂತ 4: ಸಣ್ಣ ನಿಲ್ದಾಣಗಳಿಗೆ ಹೆಚ್ಚಾಗಿ ಬರುವುದು ರೆಕ್ಕೆಯ ಮೇಲೆ ಪಂಖ ತಿರುಗುವ ಎಟಿಆರ್ 72. ಅದರ ವೇಗ ಗಂಟೆಗೆ ಸುಮಾರು 500 ಕಿ.ಮೀ., ಅಂದರೆ 49 ನಿಮಿಷ. ಮೇಲೇರುವಾಗ, ಇಳಿಯುವಾಗ ಆ ವೇಗ ಇರುವುದಿಲ್ಲ. ರನ್‌ವೇಗೆ ಎದುರಾಗಲು ಸುತ್ತು ಹಾಕಬೇಕು. ನೆಲದ ಮೇಲೂ ಓಡಬೇಕು. ಟಿಕೆಟ್‌ನಲ್ಲಿ ನಮೂದಾಗುವುದು ನಿಂತ ಜಾಗ ಬಿಟ್ಟಲ್ಲಿಂದ ಮತ್ತೆ ನಿಲ್ಲುವವರೆಗಿನ ಸಮಯ. ನಾನು ಯಾವಾಗಲೂ 25 ನಿಮಿಷ ಸೇರಿಸುತ್ತೇನೆ, ನೀವೂ ಸೇರಿಸಿ. ಒಂದೂಕಾಲು ಗಂಟೆ ಆಯಿತು.

ನೇರ ವಿಮಾನ ಇಲ್ಲದೆ ಬೆಂಗಳೂರಿನ ಮೇಲೆ ಹೋಗುವುದಾದರೆ ದೂರ ಸುಮಾರು 700 ಕಿ.ಮೀ. ಆಗುತ್ತದೆ. ಆಗ ಎರಡೂ ಹಾರಾಟವನ್ನು ಒಂದೇ ಪಿಎನ್‌ಆರ್‌ನಲ್ಲಿ ಕಾಯ್ದಿರಿಸಿ. ಅಗ್ಗವೆಂದು ಬೇರೆ ಬೇರೆ ತೆಗೆದರೆ ಬ್ಯಾಗ್ ಇಳಿಸಿಕೊಂಡು ಮತ್ತೆ ಚೆಕ್‌–ಇನ್ ಮಾಡಬೇಕು, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಆ ಟಿಕೆಟ್‌ನ ಹಣವೂ ಬಹುಪಾಲು ಹೋಗುತ್ತದೆ.