ಅಂಬಾಸಿಡರ್‌ಗೆ ಎಂಜಿನ್ ಮತ್ತೆ ಕೂಡ್ರಿಸುವುದು ಹೇಗೆ?

ಗಾಡಿಯ ಮೈಗೆ ಪೇಂಟ್ ಆಗಿದೆ. ಬೋರಿಂಗ್ ಮುಗಿಸಿ, ಹೊಸ ಪಿಸ್ಟನ್ ಹಾಕಿಸಿಕೊಂಡ ಎಂಜಿನ್ ಹುಬ್ಬಳ್ಳಿಯ ಗೋಕುಲ ರೋಡಿನ ಶೆಡ್ಡಿಗೆ ವಾಪಸ್ ಬಂದಿದೆ. ಖಂಡೆಪೂಜೆಗೆ ಇನ್ನು ಎಂಟೇ ದಿನ. ಹಳೇ ಗಾಡಿ ಬಿಚ್ಚಿ ಕೂತವರು ಅವಸರ ಮಾಡುವುದು ಇಲ್ಲೇ. ಆರು ತಿಂಗಳ ಕೆಲಸ ಅರ್ಧ ದಿನದಲ್ಲಿ ಹಾಳಾಗುವುದೂ ಇಲ್ಲೇ. ನಮ್ಮ ತಂದೆಯವರ 1978ರ ಮಾರ್ಕ್ 3 ಗಾಡಿಗೆ ಎರಡು ಸಲ ಎಂಜಿನ್ ಇಳಿಸಿ ಏರಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಹೇಳುವುದು 1489 ಸಿಸಿಯ ಹಳೇ ಪೆಟ್ರೋಲ್ ಎಂಜಿನ್ ಬಗ್ಗೆ. ಇದು ಇಂಗ್ಲೆಂಡಿನ ಬಿಎಂಸಿಯವರ ಬಿ ಸೀರೀಸ್ ಎಂಜಿನ್. 1990ರ ದಶಕದಲ್ಲಿ ಬಂದ 1.8 ಲೀಟರ್ ಇಸುಝು ಬೇರೆಯೇ, ಅದಕ್ಕೆ ಈ ಅಳತೆಗಳು ಹೊಂದುವುದಿಲ್ಲ. ಪ್ರೀಮಿಯರ್ ಪದ್ಮಿನಿ ಕಾರು ಇದ್ದವರಿಗೆ ಕೆಲಸದ ಕ್ರಮ ಹೆಚ್ಚುಕಡಿಮೆ ಇದೇ, ಅಳತೆ ಮಾತ್ರ ಬೇರೆ.

ಎತ್ತುವ ಮೊದಲು

ಈ ಎಂಜಿನ್ ಒಂದೂವರೆ ಕ್ವಿಂಟಲ್ ಹತ್ತಿರ ತೂಗುತ್ತದೆ. ಶೆಡ್ಡಿನ ತಗಡಿಗೆ ಹಾಕಿದ ಪೈಪು ಇದನ್ನು ತಡೆಯುವುದಿಲ್ಲ. ಬೇವಿನ ಮರದ ಟೊಂಗೆಗೆ ಹಗ್ಗ ಕಟ್ಟಿ ಎತ್ತುವುದನ್ನು ಹಳ್ಳಿಗಳಲ್ಲಿ ಈಗಲೂ ನೋಡುತ್ತೇನೆ. ದಯವಿಟ್ಟು ಬೇಡ. ಗಟ್ಟಿ ಕಬ್ಬಿಣದ ಮುಕ್ಕಾಲಿ ಮತ್ತು ಒಂದು ಟನ್ನಿನ ಚೈನ್ ಪುಲ್ಲಿ ಬಾಡಿಗೆಗೆ ತನ್ನಿ. ಎಂಜಿನ್ ತೂಗಾಡುವಾಗ ಕೆಳಗೆ ಕೈ, ಕಾಲು ಯಾವುದೂ ಇರಬಾರದು.

ಪಾನಾ (ಸ್ಪ್ಯಾನರ್) ಬಗ್ಗೆ ಒಂದು ಮಾತು. ಅಂಬಾಸಿಡರ್‌ನ ನಟ್ಟು ಬೋಲ್ಟು ಇಂಚಿನ ಅಳತೆಯವು. ಅರ್ಧ ಇಂಚು ಎಂದರೆ 12.7 ಮಿ.ಮೀ. ಅದಕ್ಕೆ 13ರ ಪಾನಾ ಹಾಕಿದರೆ ಹೊಂದಿದ ಹಾಗೇ ಅನಿಸುತ್ತದೆ, ಜೋರು ಹಾಕಿದ ಕೂಡಲೇ ನಟ್ಟಿನ ಮೂಲೆ ಸವೆದು ದುಂಡಗಾಗುತ್ತದೆ. ಹಳೇ ಇಂಚಿನ ಪಾನಾ ಸೆಟ್ ಹುಡುಕಿ ತನ್ನಿ, ದುಡ್ಡು ದಂಡ ಆಗುವುದಿಲ್ಲ.

ಬೋನೆಟ್, ರೇಡಿಯೇಟರ್ ಎರಡನ್ನೂ ತೆಗೆದಿಡಿ. ಹೊಸ ಪೇಂಟ್ ಆದ ಮಡ್‌ಗಾರ್ಡ್ ಮೇಲೆ ಹಳೇ ಕೌದಿ ಹೊದಿಸಿ. ಬ್ಯಾಟರಿ ಶೆಡ್ಡಿನ ಮೂಲೆಯಲ್ಲೇ ಇರಲಿ. ಆರ್‌ಸಿ ಪುಸ್ತಕ ಹಿಡಿದು ಎಂಜಿನ್ ನಂಬರ್ ಒಮ್ಮೆ ತಾಳೆ ನೋಡಿಬಿಡಿ. ಕೆಲಸ ಎಲ್ಲ ಮುಗಿದ ಮೇಲೆ ಗ್ರೀಸ್ ಸಂದಿಯಲ್ಲಿ ಟಾರ್ಚ್ ಹಿಡಿದು ಓದುವುದಕ್ಕಿಂತ ಈಗಲೇ ಸುಲಭ ಅಲ್ವಾ?

ಕ್ಲಚ್ ಪ್ಲೇಟ್ ನಡುಮಧ್ಯ ಇರಬೇಕು

ಎಂಜಿನ್ ನೆಲದ ಮೇಲೆ ಇರುವಾಗಲೇ ಕ್ಲಚ್ ಕಟ್ಟಬೇಕು. ಎಂಜಿನ್ ಹಿಂಬದಿಯ ಭಾರದ ಚಕ್ರ, ಅಂದರೆ ಫ್ಲೈವೀಲ್ ಮೇಲೆ ಎಣ್ಣೆ ಜಿಡ್ಡು ಇರದ ಹಾಗೆ ಪೆಟ್ರೋಲ್ ಹಚ್ಚಿದ ಅರಿವೆಯಿಂದ ಒರೆಸಿ. ಪ್ಲೇಟಿನ ನಡುಭಾಗ ಉಬ್ಬಿರುವ ಬದಿ ಗೇರ್‌ಬಾಕ್ಸ್ ಕಡೆಗೆ ಇರಲಿ. ಮೇಲೆ ಪ್ರೆಶರ್ ಪ್ಲೇಟ್ ಇಟ್ಟು ಬೋಲ್ಟುಗಳನ್ನು ಸಡಿಲವಾಗಿ ಹಿಡಿಸಿ.

ಪ್ಲೇಟು ಫ್ಲೈವೀಲಿನ ಸರಿಯಾಗಿ ಮಧ್ಯಕ್ಕೆ ಕೂಡಬೇಕು. ಒಂದೆರಡು ಮಿ.ಮೀ. ಸರಿದಿದ್ದರೂ ಗೇರ್‌ಬಾಕ್ಸ್ ಶಾಫ್ಟ್ ಒಳಗೆ ಹೋಗುವುದಿಲ್ಲ. ನಮ್ಮ ಕಡೆಯ ಮಿಸ್ತ್ರಿಗಳು ಇದಕ್ಕೆ ಗುಜರಿಯ ಗೇರ್‌ಬಾಕ್ಸಿನಿಂದ ತೆಗೆದ ಹಳೇ ಶಾಫ್ಟನ್ನೇ ಇಟ್ಟುಕೊಂಡಿರುತ್ತಾರೆ. ಅದನ್ನು ಪ್ಲೇಟಿನ ಹಲ್ಲುಗಳ ಮೂಲಕ ತೂರಿಸಿ, ತುದಿಯನ್ನು ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕಿನ ಹಿಂಬದಿಯ ಸಣ್ಣ ಬುಷ್ ಒಳಗೆ ಕೂಡ್ರಿಸಿ. ಆಮೇಲೆ ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಕೊನೆಗೆ ಆ ಶಾಫ್ಟ್ ಎರಡು ಬೆರಳಲ್ಲಿ ಹಿಡಿದು ಎಳೆದರೆ ಸಲೀಸಾಗಿ ಹೊರಗೆ ಬರಬೇಕು, ಹಾಗೇ ಒಳಗೆ ಹೋಗಬೇಕು. ಬಿಗಿ ಅನಿಸಿದರೆ ಸಡಿಲ ಮಾಡಿ ಮತ್ತೆ ಮೊದಲಿನಿಂದ ಶುರು ಮಾಡಿ.

ಈಗಲೇ ಕ್ಲಚ್ಚಿನ ಕಾರ್ಬನ್ ಬೇರಿಂಗ್ ನೋಡಿ. ಸವೆದಿದ್ದರೆ, ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ. ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ಬೆರಳ ತುದಿಯಷ್ಟು ಸವರಿದರೆ ಸಾಕು. ಜಾಸ್ತಿ ಆದರೆ ಅದು ಹಾರಿ ಪ್ಲೇಟಿಗೆ ಅಂಟಿ ಕ್ಲಚ್ ಜಾರುತ್ತದೆ.

ಕೊನೆಯ ಅರ್ಧ ಇಂಚು

ಕೆಲವರು ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಹೊರಗೇ ಜೋಡಿಸಿ ಒಟ್ಟಿಗೆ ಇಳಿಸುತ್ತಾರೆ. ನಾನು ಗೇರ್‌ಬಾಕ್ಸನ್ನು ಗಾಡಿಯಲ್ಲೇ ಬಿಟ್ಟು, ಕೆಳಗೆ ಜಾಕ್ ಕೊಟ್ಟು, ಎಂಜಿನ್ನನ್ನು ಮುಂದಿನಿಂದ ಹಿಂದಕ್ಕೆ ಸರಿಸುತ್ತೇನೆ. ಮನೆಯ ಶೆಡ್ಡಿನಲ್ಲಿ ಇಬ್ಬರೇ ಇದ್ದಾಗ ಇದು ವಾಸಿ. ಪುಲ್ಲಿ ಹಿಡಿಯಲು ಒಬ್ಬರು, ಎಂಜಿನ್ ದಾರಿ ತೋರಿಸಲು ಒಬ್ಬರು.

ಗಾಡಿ ನಾಲ್ಕನೇ ಗೇರಿನಲ್ಲಿರಲಿ, ಹಿಂದಿನ ಚಕ್ರ ನೆಲಕ್ಕೆ ತಾಗಿರಲಿ. ಆಗ ಗೇರ್‌ಬಾಕ್ಸ್ ಶಾಫ್ಟ್ ಅಲುಗಾಡುವುದಿಲ್ಲ. ಎಂಜಿನ್ ನಿಧಾನ ಇಳಿಸಿ, ಹಿಂದಕ್ಕೆ ಸರಿಸಿ. ಶಾಫ್ಟಿನ ಹಲ್ಲು ಪ್ಲೇಟಿನ ಹಲ್ಲಿಗೆ ತಾಗಿ ನಿಂತರೆ, ಮುಂದಿನ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ ಒಂಚೂರು ತಿರುಗಿಸಿ. ಹಲ್ಲಿಗೆ ಹಲ್ಲು ಕೂಡಿದ ಕ್ಷಣ ಕೈಗೇ ಗೊತ್ತಾಗುತ್ತದೆ. ಎಂಜಿನ್ ಪುಸಕ್ಕನೆ ಹಿಂದಕ್ಕೆ ಸರಿಯುತ್ತದೆ.

ಎಷ್ಟೋ ಸಲ ಅರ್ಧ ಇಂಚು ಉಳಿದಾಗ ಅದು ನಿಂತುಬಿಡುತ್ತದೆ. ಉದ್ದ ಬೋಲ್ಟ್ ಹಾಕಿ ಬಿಗಿ ಮಾಡುತ್ತ ಎಳೆದುಕೊಳ್ಳೋಣ ಅಂತ ಯಾರಿಗಾದರೂ ಅನಿಸುತ್ತದೆ. ಮೊದಲ ಸಲ ನನಗೂ ಅನಿಸಿತ್ತು. ಪಾನಾ ಕೈಯಲ್ಲಿ ಹಿಡಿದಾಗ ಪಕ್ಕದ ಗ್ಯಾರೇಜಿನ ವಯಸ್ಸಾದ ಮಿಸ್ತ್ರಿ ಓಡಿ ಬಂದು ತಡೆದರು. “ಬೋಲ್ಟ್ ಹಾಕಿ ಎಂಜಿನ್ ಎಳೀಬ್ಯಾಡ್ರಿ ಸರ್ರ. ಎಂಜಿನ್ ಬಂದು ಕೂತ ಮ್ಯಾಲೆ ಬೋಲ್ಟ್ ಹಾಕ್ರಿ” ಅಂದರು. ಹಾಗೆ ಎಳೆದರೆ ಎಂಜಿನ್ನಿನ ತೂಕವೆಲ್ಲ ಶಾಫ್ಟಿನ ಮೇಲೆ ಬಿದ್ದು ಕ್ಲಚ್ ಪ್ಲೇಟಿನ ನಡುಭಾಗ ಬಾಗುತ್ತದೆ, ಬುಷ್ ಒಡೆಯುತ್ತದೆ, ಗೇರ್‌ಬಾಕ್ಸಿನ ಮುಂದೆ ಕ್ಲಚ್ ಮುಚ್ಚುವ ಬೆಲ್ ಹೌಸಿಂಗಿನ ಕಿವಿ ಸೀಳುತ್ತದೆ.

ಅವರು ಮಾಡಿದ್ದು ಇಷ್ಟೇ. ಎಂಜಿನ್ನಿಗೂ ಬೆಲ್ ಹೌಸಿಂಗಿಗೂ ನಡುವೆ ಉಳಿದ ಸಂದಿಯಲ್ಲಿ ಬೆರಳಾಡಿಸಿದರು. ಮೇಲೆ ಬೆರಳು ಹೋಗುತ್ತಿತ್ತು, ಕೆಳಗೆ ಉಗುರು ಕೂಡ ಹೋಗುತ್ತಿರಲಿಲ್ಲ. ಅಂದರೆ ಎರಡೂ ಒಂದೇ ಗೆರೆಯಲ್ಲಿ ಇರಲಿಲ್ಲ. ಗೇರ್‌ಬಾಕ್ಸ್ ಕೆಳಗಿನ ಜಾಕ್ ಅರ್ಧ ಸುತ್ತು ಏರಿಸಿ, ಎಂಜಿನ್ನನ್ನು ಎರಡೂ ಕೈಯಲ್ಲಿ ಹಿಡಿದು ಆಚೆ ಈಚೆ ಮೆಲ್ಲಗೆ ಅಲುಗಿಸಿದರು. ಟಕ್ ಅಂತ ಕೂತಿತು. ಸಂದಿ ಸುತ್ತಲೂ ಒಂದೇ ಸಮ ಇದ್ದರೆ ಎಂಜಿನ್ ತಾನೇ ಬರುತ್ತದೆ. ಆಮೇಲೆ ಎಲ್ಲ ಬೋಲ್ಟುಗಳನ್ನೂ ಕೈಯಿಂದಲೇ ತಿರುಗಿಸಿ ಹಾಕಿ, ಕೊನೆಗೆ ಪಾನಾ ಹಚ್ಚಿ.

ಮೌಂಟಿಂಗ್ ರಬ್ಬರ್ ಹಳೇವು ಹಾಕಬೇಡಿ. ಅವುಗಳ ನಟ್ಟನ್ನು ಸಡಿಲ ಇಟ್ಟು, ಚೈನ್ ಪೂರ್ತಿ ಬಿಟ್ಟು ಎಂಜಿನ್ ತನ್ನ ಭಾರಕ್ಕೆ ತಾನೇ ಕೂತ ಮೇಲೆ ಬಿಗಿ ಮಾಡಿ.

ಸಣ್ಣ ತಂತಿ, ದೊಡ್ಡ ನಷ್ಟ

ಸೆಲ್ಫ್, ಡೈನಮೋ, ಕಾರ್ಬುರೇಟರ್, ಸೈಲೆನ್ಸರ್ ಪೈಪ್, ರೇಡಿಯೇಟರ್, ಹೋಸ್, ಕೇಬಲ್ಲುಗಳು ಬಿಚ್ಚಿದ ಹಾಗೇ ಹಿಂದುಮುಂದಾಗಿ ಬರುತ್ತವೆ. ಬಿಚ್ಚುವಾಗ ಮೊಬೈಲಿನಲ್ಲಿ ಫೋಟೊ ತೆಗೆದಿದ್ದರೆ ಕಷ್ಟವೇನಿಲ್ಲ. ಆದರೆ ಎಂಜಿನ್ನಿನಿಂದ ಗಾಡಿಯ ಬಾಡಿಗೆ ಹೋಗುವ ಅರ್ಥಿಂಗ್ ಪಟ್ಟಿ ಮರೆಯಬೇಡಿ.

ನಾನು ಮರೆತಿದ್ದೆ. ಕೀ ತಿರುಗಿಸಿದಾಗ ಸೆಲ್ಫ್ ಸೋತ ಹಾಗೆ ತಿರುಗಿತು. ಇನ್ನೊಮ್ಮೆ ಒತ್ತಿದೆ. ಡ್ಯಾಶ್‌ಬೋರ್ಡ್ ಹಿಂದೆ ಹೊಗೆ ಕಾಣಿಸಿತು. ಚೋಕ್ ಕೇಬಲ್ ಕೈಗೆ ಸುಡುವಷ್ಟು ಕಾದು ಅದರ ಹೊದಿಕೆ ಕರಗಿತ್ತು. ಎಂಜಿನ್ ರಬ್ಬರ್ ಮೇಲೆ ಕೂತಿರುತ್ತದೆ. ಪಟ್ಟಿ ಇಲ್ಲದಿದ್ದರೆ ಸೆಲ್ಫಿಗೆ ಬಂದ ಕರೆಂಟಿಗೆ ಬಾಡಿಗೆ ವಾಪಸ್ ಹೋಗಲು ದಾರಿ ಇರುವುದಿಲ್ಲ. ಅದು ಸಿಕ್ಕ ತೆಳು ಕೇಬಲ್ಲಿನಲ್ಲೇ ನುಗ್ಗುತ್ತದೆ. ಪಕ್ಕದಲ್ಲೇ ಪೆಟ್ರೋಲ್ ಪೈಪ್ ಇರುತ್ತದೆ ಎಂಬುದು ನೆನಪಿರಲಿ. ಪಟ್ಟಿ ಕೂಡುವ ಜಾಗದ ಪೇಂಟನ್ನು ಹೊಳೆಯುವ ತಗಡು ಕಾಣುವವರೆಗೆ ಕೆರೆದು ಹಾಕಿ. ಹೊಸ ಪೇಂಟ್ ಕೆರೆಯಲು ಮನಸ್ಸು ಬರುವುದಿಲ್ಲ, ನಿಜ. ಆದರೂ ಕೆರೆಯಿರಿ.

ಸ್ಟಾರ್ಟ್ ಮಾಡುವ ದಿನ

ಆಯಿಲ್, ನೀರು ಹಾಕಿ. ನಾಲ್ಕೂ ಪ್ಲಗ್ ಬಿಚ್ಚಿ, ಕಾಯಿಲ್‌ನ ಸಣ್ಣ ವೈರ್ ತೆಗೆದು, ಸೆಲ್ಫ್ ಹೊಡೆಯಿರಿ. ಹತ್ತು ಸೆಕೆಂಡ್ ಹೊಡೆದು ನಿಲ್ಲಿಸಿ, ಮತ್ತೆ ಹೊಡೆಯಿರಿ. ಆಯಿಲ್ ಲೈಟ್ ಆರುವವರೆಗೆ ಅಥವಾ ಗೇಜ್ ಮುಳ್ಳು ಏಳುವವರೆಗೆ ಹೀಗೇ ಮಾಡಿ. ಹೊಸ ಬೇರಿಂಗ್‌ಗಳು ಒಣಗಿದ್ದಾಗ ಎಂಜಿನ್ ಓಡಬಾರದು.

ಒಂದನೇ ಸಿಲಿಂಡರಿನ ಪ್ಲಗ್ ತೂತಿಗೆ ಬೆರಳು ಒತ್ತಿ ಎಂಜಿನ್ ತಿರುಗಿಸಿ. ಗಾಳಿ ಬೆರಳನ್ನು ತಳ್ಳಿದರೆ ಅದು ಕಂಪ್ರೆಶನ್. ಪುಲ್ಲಿಯ ಗುರುತು ಟೈಮಿಂಗ್ ಕವರಿನ ಮುಳ್ಳಿಗೆ ಬರುವವರೆಗೆ ತಿರುಗಿಸಿ ನಿಲ್ಲಿಸಿ. ಆಗ ಡಿಸ್ಟ್ರಿಬ್ಯೂಟರಿನ ರೋಟರ್ ಒಂದನೇ ವೈರಿನ ಕಡೆ ನೋಡುತ್ತಿರಬೇಕು. ಉಳಿದ ವೈರುಗಳು 1-3-4-2 ಕ್ರಮದಲ್ಲಿ, ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ. ಪಾಯಿಂಟ್ ಗ್ಯಾಪ್ 0.38 ಮಿ.ಮೀ., ಪ್ಲಗ್ ಗ್ಯಾಪ್ 0.64 ಮಿ.ಮೀ. ಪ್ಲಗ್, ಕಾಯಿಲ್ ವೈರ್ ಮತ್ತೆ ಹಾಕಿ ಸ್ಟಾರ್ಟ್ ಮಾಡಿ. ಇಷ್ಟಾದರೂ ಕಾರ್ಬುರೇಟರ್ ಮೂಲಕ ಫಟ್ ಎಂದು ಸೀನುತ್ತಿದ್ದರೆ, ರೋಟರ್ ಅರ್ಧ ಸುತ್ತು ತಪ್ಪಿ ಕೂತಿದೆಯೇ ಎಂದು ಮೊದಲು ನೋಡಿ.

ಎಂಜಿನ್ ಹಿಡಿದ ಮೇಲೆ ಆಯಿಲ್ ಪ್ರೆಶರ್ ಮೇಲೆ ಕಣ್ಣಿರಲಿ. ಬೆಲ್ ಹೌಸಿಂಗ್ ಕೆಳಗೆ ಒಂದೆರಡು ಹನಿ ಬಿದ್ದರೆ ಗಾಬರಿಯಾಗಿ ಗೇರ್‌ಬಾಕ್ಸ್ ಇಳಿಸಬೇಡಿ. ಈ ಎಂಜಿನ್ನಿನ ಕ್ರ್ಯಾಂಕಿನ ಹಿಂಬದಿಗೆ ರಬ್ಬರ್ ಸೀಲ್ ಇಲ್ಲ. ಆಯಿಲನ್ನು ಒಳಕ್ಕೆ ತಿರುಗಿಸುವ ಸುರುಳಿ ಗೀರು ಮಾತ್ರ ಇದೆ. ಧಾರೆಯಾಗಿ ಸುರಿದರೆ ಮಾತ್ರ ಚಿಂತೆ ಮಾಡಿ.

ಮೊದಲ ಓಟ ಉಣಕಲ್ ಕೆರೆವರೆಗೆ ಹೋಗಿ ಬರುವಷ್ಟೇ ಇರಲಿ. ಧಾರವಾಡದ 20 ಕಿ.ಮೀ. ಆಮೇಲೆ. ಮನೆಗೆ ಬಂದು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಹೆಡ್ ನಟ್ಟುಗಳನ್ನು ಕ್ರಮವಾಗಿ ಇನ್ನೊಮ್ಮೆ ಬಿಗಿ ಮಾಡಿ, ಟ್ಯಾಪೆಟ್ (ವಾಲ್ವ್) ಗ್ಯಾಪ್ ನೋಡಿ, ಮೌಂಟಿಂಗ್ ನಟ್ಟಿಗೂ ಪಾನಾ ತಾಗಿಸಿ.

500 ಕಿ.ಮೀ. ಆದಾಗ ಆಯಿಲ್ ಬದಲಿಸಿ. ಇಳಿಸಿದ ಆಯಿಲನ್ನು ಸುಮ್ನೆ ಚೆಲ್ಲಬೇಡಿ. ಸ್ವಚ್ಛ ಬೋಗುಣಿಯಲ್ಲಿ ಹಿಡಿದು ಬಿಸಿಲಿಗೆ ಒಯ್ದು ನೋಡಿ. ಬೂದಿಯಂಥ ಸಣ್ಣ ಮಿಂಚು ಹೊಸ ರಿಂಗು ಸವೆದದ್ದು, ಅದು ಸಹಜ. ತಾಮ್ರದ ಬಣ್ಣದ ಚೂರುಗಳು ಕಂಡರೆ ಬೇರಿಂಗ್ ತಿನ್ನುತ್ತಿದೆ ಎಂದು ಅರ್ಥ. ಹಾಗಿದ್ದರೆ ಗಾಡಿ ಅಲ್ಲೇ ನಿಲ್ಲಿಸಿ, ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಬಿಚ್ಚಿ.